ಹಲ್ಲಿಗೆ ತಾಗುವ ಹದ

ಇವತ್ತು ಹೆಂಡತಿಯನ್ನು ಮನೆಗೆ ಕರೆತಂದೇ ತೀರುತ್ತೇನೆ ಎಂದು ದಂತವೈದ್ಯರು ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದರು. ಎಂಥೆಂಥ ಹಠಮಾರಿ ದವಡೆಹಲ್ಲುಗಳನ್ನು ಬುಡಸಮೇತ ಕಿತ್ತ ಕೈ ಇದು! ಮೂರು ವಾರದಿಂದ ಅಕ್ಕನ ಮನೆಯಲ್ಲಿ ಬೇರು ಬಿಟ್ಟು ಕೂತ ಹೆಂಡತಿಯನ್ನು ಕದಲಿಸುವುದು ಯಾವ ಮಹಾ? ಆಯುಧವೂ ಸಿದ್ಧವಾಗಿತ್ತು: ಹೊಸ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನದ ಊಟ!

ಆಕೆ ಮನೆ ಬಿಟ್ಟದ್ದಕ್ಕೆ ಕಾರಣ ಒಂದೇ. ಬಾಯಿ ತೆರೆದು ಮಲಗಿದವರ ಜೊತೆ ಇಪ್ಪತ್ತೆರಡು ವರ್ಷ ಮಾತಾಡಿ ಮಾತಾಡಿ, ಎದುರಿನವರು ಉತ್ತರ ಕೊಡಬಲ್ಲರು ಎಂಬುದೇ ವೈದ್ಯರಿಗೆ ಮರೆತುಹೋಗಿತ್ತು. ಅಷ್ಟೂ ವರ್ಷ ಪಕ್ಕದಲ್ಲಿ ನಿಂತು ಇಕ್ಕಳ, ಹತ್ತಿ ಕೊಟ್ಟ ಹೆಂಡತಿಗೂ ಅದೇ ಉಪಚಾರ.

"ಏನು ತಿಂತೀಯ? ಪಾಸ್ತಾ ತಿಂತೀಯ. ಎರಡು ಪಾಸ್ತಾ!" ರೆಸ್ಟೋರೆಂಟಿನಲ್ಲಿ ಕೂತದ್ದೇ ಪ್ರಶ್ನೆ, ಉತ್ತರ, ಆರ್ಡರು ಮೂರನ್ನೂ ವೈದ್ಯರೇ ಮುಗಿಸಿದರು.

"ರೀ, ನನಗೆ ಸೂಪ್..."

"ಸೂಪ್ ಹುಷಾರಿಲ್ಲದವರಿಗೆ!"

ಪಾಸ್ತಾ ಬಂತು. ಹೊರಗೆ ಲೋಳೆ, ಒಳಗೆ ಸೀಮೆಸುಣ್ಣ. ಮೇಲಿನ ಟೊಮೆಟೊ ಸಾಸ್ ಹೆಂಡತಿಯ ಮುಖದಷ್ಟೇ ತಣ್ಣಗಿತ್ತು.

"ಬೆಂದಿಲ್ಲ ಕಣ್ರೀ."

"ಬೆಂದಿಲ್ಲ ಅನ್ಬಾರದು ಕಣೇ, ಅಲ್ ದೆಂತೆ ಅನ್ಬೇಕು! ಅಂದ್ರೆ ಹಲ್ಲಿಗೆ ತಾಗೋ ಹದ. ಹಲ್ಲಿನ ವಿಷಯ ನನಗೇ ಹೇಳ್ತೀಯಾ?"

"ಹಲ್ಲಿಗೆ ತಾಗ್ತಿಲ್ಲ, ಹಲ್ಲನ್ನೇ ಕೀಳ್ತಿದೆ."

ಅಷ್ಟರಲ್ಲಿ ವೇಟರ್ ಓಡಿಬಂದ. "ತಪ್ಪಾಯ್ತು ಸಾರ್! ನಡುವೆ ಗ್ಯಾಸ್ ಖಾಲಿಯಾಗಿ ಅರ್ಧ ಬೆಂದದ್ದೇ ಬಂದುಬಿಟ್ಟಿದೆ. ತಟ್ಟೆ ಕೊಡಿ."

ವೈದ್ಯರು ಸೋಲೊಪ್ಪುವ ಪೈಕಿಯೇ? "ಇಂಥ ಹದ ಸಿಗೋದೇ ಅಪರೂಪ!" ಎಂದು ತಟ್ಟೆಯನ್ನು ಎದೆಗವಚಿಕೊಂಡು, ಫೋರ್ಕಿನ ತುಂಬ ಪಾಸ್ತಾ ಚುಚ್ಚಿ, ಗುಹೆಯಂತೆ ಬಾಯಿ ತೆರೆದರು. ಕಟಕ್! ದವಡೆಯ ಕೀಲು ಜಾರಿತು. ತೆರೆದ ಬಾಯಿ ತೆರೆದೇ ನಿಂತಿತು.

"ಆ... ಆ...!"

ಹೆಂಡತಿ ಗಾಬರಿಯಾಗಲಿಲ್ಲ. ಇಂಥ ದವಡೆ ಎಷ್ಟು ನೋಡಿಲ್ಲ! ಕೈ ತೊಳೆದು ಬಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆದರೆ ಕೈ ಹಾಕಲಿಲ್ಲ; ಮಾತು ತೆಗೆದಳು! ಮದುವೆಯಾದ ವರ್ಷ ತಾನು ಆರಿಸಿದ್ದ ಪರದೆಯ ಬಣ್ಣದಿಂದ ಹಿಡಿದು, ಅಮ್ಮ ತೀರಿಕೊಂಡ ದಿನ ತಾನು ಅಳುತ್ತಿದ್ದಾಗ ಈ ಮಹಾಶಯರು ಸಾವಿನ ಬಗ್ಗೆ ಕೊಟ್ಟ ಮುಕ್ಕಾಲು ಗಂಟೆಯ ಉಪನ್ಯಾಸದವರೆಗೆ ಒಂದನ್ನೂ ಬಿಡಲಿಲ್ಲ.

ನೋವು ತಡೆಯದೆ ವೈದ್ಯರು, ಸಾಕು ಎಂದು ತಮ್ಮ ರೋಗಿಗಳು ಎತ್ತುವಂತೆಯೇ, ಎಡಗೈ ಎತ್ತಿದರು.

"ಇನ್ನೊಂದೇ ನಿಮಿಷ, ಆಗೋಯ್ತು," ಎಂದು ಥೇಟ್ ಅವರದೇ ಧಾಟಿಯಲ್ಲಿ ಹೇಳಿ ಆಕೆ ಮುಂದುವರಿಸಿದಳು.

ಕೇಳುತ್ತ ಕೇಳುತ್ತ ವೈದ್ಯರ ಕಣ್ಣಲ್ಲಿ ನೀರಾಡಿತು. ಅರ್ಧ ದವಡೆಯ ಪಾಲು, ಇನ್ನರ್ಧ ನಿಜವಾದದ್ದು. ಅದನ್ನು ಕಂಡು ಆಕೆಯ ದನಿ ಮೆತ್ತಗಾಯಿತು.

"ಇವತ್ತಾದ್ರೂ ಕೇಳಿಸ್ಕೊಂಡ್ರಲ್ಲ, ಸಾಕು. ಬ್ಯಾಗು ತಂದೇ ಇದ್ದೀನಿ. ನಡೀರಿ, ಮನೆಗೆ ಹೋಗೋಣ."

ಎರಡೂ ಹೆಬ್ಬೆರಳನ್ನು ಅವರ ಹಿಂದಿನ ಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ನೂಕಿದಳು. ಟಕ್! ದವಡೆ ಕೂತಿತು. 'ತಪ್ಪಾಯ್ತು ಕಣೇ' ಎಂಬ ಮಾತು ವೈದ್ಯರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಹೀಗಲ್ಲ ಕಣೇ! ಹೆಬ್ಬೆರಳಿಗೆ ಮೊದಲು ಬಟ್ಟೆ ಸುತ್ಕೋಬೇಕು. ಯಾಕೆ ಹೇಳು? ನಾನೇ ಹೇಳ್ತೀನಿ..."

ಹೇಳಿದರು. ಸವಿಸ್ತಾರವಾಗಿ, ಉದಾಹರಣೆ ಸಹಿತ ಹೇಳಿದರು. ಮುಗಿಸಿ ನೋಡಿದರೆ ಹೆಂಡತಿಯೂ ಇಲ್ಲ, ಬ್ಯಾಗೂ ಇಲ್ಲ. ಎದುರಿಗಿದ್ದ ಖಾಲಿ ಕುರ್ಚಿ ಮಾತ್ರ ಒಂದು ಅಡ್ಡಮಾತೂ ಆಡದೆ ಅಷ್ಟನ್ನೂ ಕೇಳಿಸಿಕೊಂಡಿತ್ತು!