ಜಲಜಾಕ್ಷಿ ಟೀಚರ ಕೊಡಪಾನ

ಕೊತ್ತಂಬರಿ ಸೊಪ್ಪು ತರಲು ಹೋದ ಲೋಕನಾಥ ಕೊತ್ತಂಬರಿ ಸೊಪ್ಪನ್ನಷ್ಟೇ ತಂದಿದ್ದರೆ ಆ ಶನಿವಾರ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಹೊರಡುವಾಗಲೇ ಹೆಂಡತಿ ರಾಜೀವಿ ಎಚ್ಚರಿಸಿದ್ದಳು. "ಟರ್ಕಿಯವನ ಅಂಗಡಿಗೆ ಹೋಗುವುದು, ಸೊಪ್ಪು ತೆಗೊಳ್ಳುವುದು, ಸೀದಾ ಮನೆಗೆ ಬರುವುದು. ದಾರಿಯಲ್ಲಿ ನಿಮ್ಮ ಆ ಅಂಗಡಿ ಉಂಟಲ್ಲ, ಅದರ ಬೋರ್ಡನ್ನು ಸಹ ನೋಡ್ಬಾರ್ದು. ಸಂಜೆ ಊಟಕ್ಕೆ ಟೀಚರ್ ಬರ್ತಾರೆ, ನೆನಪುಂಟಲ್ಲ?"

"ಸೊಪ್ಪು ಬಿಟ್ಟು ಬೇರೆ ಎಂತದನ್ನೂ ಕಣ್ಣೆತ್ತಿ ನೋಡುದಿಲ್ಲ ಮಾರಾಯ್ತಿ," ಎಂದು ಲೋಕನಾಥ ಕಾರು ಹತ್ತಿದ. ಹೇಳುವಾಗ ಅವನು ಅದನ್ನು ನಂಬಿಯೂ ಇದ್ದ.

ಆ ಅಂಗಡಿಯೆಂದರೆ ಕ್ರಿಂಗ್‌ಲೋಪ್. ಅವರು ನೆಲೆಸಿದ್ದ ಡಚ್ ಊರು ಬಾಡ್‌ಹೂವೆಡಾರ್ಪಿನ ಅಂಚಿನಲ್ಲಿ, ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುವ ದಾರಿಯ ಕೆಳಗೆ ಅದರ ಉದ್ದನೆಯ ಶೆಡ್ಡು. ಜನ ತಮಗೆ ಬೇಡವಾದದ್ದನ್ನು ಅಲ್ಲಿ ಪುಕ್ಕಟೆ ಕೊಟ್ಟು ಹೋಗುತ್ತಾರೆ. ನಿವೃತ್ತರಾದ ಹೆಂಗಸರು, ಗಂಡಸರು ಸಂಬಳವಿಲ್ಲದೆ ನಿಂತು ಅದನ್ನು ಒರೆಸಿ, ಜೋಡಿಸಿ, ಸಣ್ಣ ಬೆಲೆಗೆ ಮಾರುತ್ತಾರೆ. ಉಳಿದ ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ಲೋಕನಾಥನಿಗೆ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಚೀಟಿಗಳು. 'ಈ ಗಡಿಯಾರ ದಿನಕ್ಕೆ ಸ್ವಲ್ಪ ಹಿಂದೆ ಬೀಳುತ್ತದೆ.' 'ಈ ಪಿಂಗಾಣಿ ಬಟ್ಟಲಿಗೆ ಒಳಗೊಂದು ಗೀರು ಇದೆ, ಸೂಪಿಗೆ ತೊಂದರೆಯಿಲ್ಲ.' ಹೊಸ ಸಾಮಾನು ಮಾರುವವರಲ್ಲಿ ಯಾರಾದರೂ ಇಷ್ಟು ನಿಜ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಒಳಗೆ ಕಾಲಿಟ್ಟರೆ ಹಳೆಯ ಮರದ, ಸೋಪಿನ, ಕಾಫಿಯ ಒಂದು ಹದವಾದ ವಾಸನೆ. ಕಚೇರಿಯಲ್ಲಿ ದಿನವಿಡೀ ಪರದೆ ನೋಡಿ ಬಾಡಿದ ಲೋಕನಾಥ ಅಲ್ಲಿ ನೀರು ಹಾಕಿದ ತುಳಸಿಯಂತೆ ಚಿಗುರುತ್ತಿದ್ದ.

ರಾಜೀವಿಯ ಮನೆ ಮಾತ್ರ ಆ ಅಂಗಡಿಯ ಇನ್ನೊಂದು ಶಾಖೆಯಾಗತೊಡಗಿತ್ತು. ಕೊನೆಗೆ ಅವಳೊಂದು ಕಾನೂನು ತಂದಳು: ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಕಳೆದ ತಿಂಗಳು ಅವನು ಒಂದು ಚರ್ಮದ ಆರಾಮಕುರ್ಚಿ ತಂದಿದ್ದ. 'ಎಡಗಾಲು ಸ್ವಲ್ಪ ಅಲುಗುತ್ತದೆ, ಕೂತವರು ಏಳುವುದಿಲ್ಲ' ಎಂದು ಚೀಟಿಯಿದ್ದ ಕುರ್ಚಿ. ಅದರ ಬದಲಿಗೆ ಅಟ್ಟದಲ್ಲಿ ಟೇಪು ಹಚ್ಚಿಕೊಂಡೇ ಕೂತಿದ್ದ, ಮದುವೆಯ ಕಾಲದ ಒಂದು ದೊಡ್ಡ ಪೆಟ್ಟಿಗೆಯನ್ನು ಅವನೇ ಬಿಚ್ಚದೆ ಹೊತ್ತು ಅದೇ ಅಂಗಡಿಗೆ ಕೊಟ್ಟು ಬಂದಿದ್ದ. ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವುದು ಈಗ ಅವನ ದಿನದ ಏಕೈಕ ಸುಖ.

ಶನಿವಾರ ಕಾರು ತಾನಾಗಿ ಆ ಶೆಡ್ಡಿನ ಮುಂದೆ ನಿಂತಿತು ಎಂದು ಅವನು ಆಮೇಲೆ ಹೇಳಿದ.

ದೀಪದ ಬುರುಡೆಗಳ ಸಾಲಿನ ಕೊನೆಯಲ್ಲಿ ಒಣಹುಲ್ಲಿನ ಕುಚ್ಚೊಂದನ್ನು ಸಿಕ್ಕಿಸಿದ ಹೂದಾನಿ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಹೂದಾನಿಯಲ್ಲ, ಸ್ಟೀಲಿನ ಕೊಡಪಾನ! ಕೊರಳಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ: 'ಜಲಜಾಕ್ಷಿ ಟೀಚರ್, ಸುರತ್ಕಲ್.'

ಲೋಕನಾಥ ಹುಲ್ಲಿನ ಕುಚ್ಚು ಸರಿಸಿ ಮತ್ತೊಮ್ಮೆ ಓದಿದ.

ಜಲಜಾಕ್ಷಿ ಟೀಚರ್ ಅವನಿಗೆ, ಅವನ ಗೆಳೆಯರಾದ ಅವಿನ್ ಮತ್ತು ಶ್ರೀಜಿತ್‌ಗೆ ಅಕ್ಷರ ಕಲಿಸಿದವರು. ಮೂವರ ಮದುವೆಗೂ ಬಂದು, ಊರಿನ ಪದ್ಧತಿಯಂತೆ ತಮ್ಮ ಹೆಸರು ಕೊರೆಸಿದ ಉಡುಗೊರೆ ಕೊಟ್ಟು ಹರಸಿದವರು. ಈಗ ಮಗಳು ಹಿತಾಳನ್ನು ನೋಡಲು ಆಮ್‌ಸ್ಟೆಲ್‌ವೇನಿಗೆ ಬಂದಿದ್ದರು. ಅವರ ಮೊಣಕಾಲು ನೋಡಿದರೆ ಮೊದಲ ಪ್ರಯಾಣವೇ ಕೊನೆಯದೂ ಆಗುವಂತಿತ್ತು. "ನನ್ನ ಮಕ್ಕಳು ಸಂಸಾರ ಹೇಗೆ ಮಾಡ್ತಾರೆ ಅಂತ ಒಮ್ಮೆ ನೋಡ್ಬೇಕು," ಎಂದಿದ್ದರು. ಅದರಂತೆ ಆ ದಿನ ಮಧ್ಯಾಹ್ನದ ಊಟ ಹೂಫ್‌ಡಾರ್ಪಿನ ಅವಿನ್ ಮನೆಯಲ್ಲಿ, ಚಹಾ ನೂರ್ಡ್‌ವೈಕಿನ ಶ್ರೀಜಿತ್ ಮನೆಯಲ್ಲಿ, ಸಂಜೆಯೂಟ ಲೋಕನಾಥನಲ್ಲಿ. ಕಾರು ಓಡಿಸುವವನು ಲೋಕನಾಥ. ಅವರು ಪ್ರೀತಿಯಿಂದ ಕೊಟ್ಟದ್ದು ಇಲ್ಲಿ ಹುಲ್ಲು ಹೊತ್ತು ನಿಂತಿದೆಯೆಂದು ತಿಳಿದರೆ ಆ ಮುದಿ ಜೀವಕ್ಕೆ ಹೇಗಾದೀತು?

ತನ್ನದಂತೂ ಅಲ್ಲ ಎಂಬ ಧೈರ್ಯ ಅವನಿಗಿತ್ತು. ಟೀಚರ್ ಕೊಟ್ಟ ಗೋಡೆ ಗಡಿಯಾರ ಮನೆಯ ಹಜಾರದಲ್ಲೇ ಇತ್ತು. ರಾಜೀವಿ ಬೆಳಿಗ್ಗೆ ಅದನ್ನು ಒರೆಸಿ ಮಿರುಗಿಸಿದ್ದಳು. ಹಾಗಾದರೆ ಉಳಿದಿಬ್ಬರಲ್ಲಿ ಒಬ್ಬರು. ಅವನು ಕೊಡಪಾನವನ್ನು ಕೊಂಡು, ಫೋಟೋ ತೆಗೆದು, ಇಬ್ಬರು ಗೆಳೆಯರಿಗೂ ಕಳಿಸಿದ: 'ಇದು ಯಾರದ್ದು ಮಾರಾಯ್ರೆ?'

ಕಾರಿನ ಬಾಗಿಲು ಹಾಕುವ ಮೊದಲೇ ಅವಿನ್‌ನ ಹೆಂಡತಿ ಸಂಪ್ರೀತಾಳ ಫೋನು.

"ಲೋಕಣ್ಣಾ, ಅದು ನಮ್ಮದೇ! ಅಟ್ಟ ಖಾಲಿ ಮಾಡುವಾಗ ಒಂದು ರಾಶಿ ಸ್ಟೀಲು ಕೊಟ್ಟಿದ್ದೆ, ಅದರಲ್ಲಿ ಹೋಗಿರ್ಬೇಕು. ಟೀಚರ್ ಬರುವ ಮೊದಲು ತಂದುಕೊಡಿ, ಪ್ಲೀಸ್. ಪ್ರಜ್ಞಾಗೆ ಮಾತ್ರ ಹೇಳ್ಬೇಡಿ, ಅವಳು ಊರಿಡೀ ಹೇಳ್ತಾಳೆ."

ಆ ಕರೆ ಮುಗಿಯುವಷ್ಟರಲ್ಲಿ ಶ್ರೀಜಿತ್‌ನ ಹೆಂಡತಿ ಪ್ರಜ್ಞಾ. "ಲೋಕಣ್ಣಾ, ಕಾಲಿಗೆ ಬೀಳ್ತೇನೆ. ಮನೆ ಶಿಫ್ಟ್ ಮಾಡುವಾಗ ಇವರು ಪಾತ್ರೆಯೆಲ್ಲ ಕೊಟ್ಟುಬಿಟ್ರು. ಅದು ನಮ್ದೇ ಇರ್ಬೇಕು. ಚಹಾಕ್ಕೆ ಮೊದಲು ಅಡುಗೆಮನೆಗೆ ಮುಟ್ಟಿಸಿ. ಸಂಪ್ರೀತಾಗೆ ಗೊತ್ತಾಗ್ಬಾರ್ದು, ಆಯ್ತಾ?"

ಇಬ್ಬರಿಗೂ ಲೋಕನಾಥ "ಆಯ್ತು" ಎಂದ. ಇಲ್ಲ ಎನ್ನಲು ಅವನಿಗೆ ಯಾವತ್ತೂ ಬಂದಿರಲಿಲ್ಲ. ಊಟ ಒಂದು ಕಡೆ, ಚಹಾ ಇನ್ನೊಂದು ಕಡೆ. ಒಂದೇ ಕೊಡಪಾನ ಎರಡೂ ಮನೆಯ ಮಾನ ಉಳಿಸಲಿ ಬಿಡು ಎಂದುಕೊಂಡ. ರಾಜೀವಿಗೆ 'ಸೊಪ್ಪು ಸಂಜೆ ತರುತ್ತೇನೆ' ಎಂದು ಮೆಸೇಜು ಹಾಕಿದ. ಹೂಫ್‌ಡಾರ್ಪಿನಲ್ಲಿ ಕೊಡಪಾನ ಇಳಿಸಿ ಟೀಚರನ್ನು ಕರೆತರಲು ಓಡಿದ.

ಊಟ ಸೊಗಸಾಗಿಯೇ ನಡೆಯಿತು. ಹುಲ್ಲು ಕಿತ್ತು, ನೀರು ತುಂಬಿಸಿ, ದೇವರ ಪಟದ ಪಕ್ಕ ಇಟ್ಟಿದ್ದ ಕೊಡಪಾನವನ್ನು ಟೀಚರ್ ಬಂದ ಕೂಡಲೇ ಕಂಡರು. ಹತ್ತಿರ ಹೋಗಿ ಹೆಸರನ್ನು ಬೆರಳಿನಿಂದ ಸವರಿದರು. ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ನಕ್ಕರು. ಸಂಪ್ರೀತಾ ದೊಡ್ಡ ಸ್ಟೀಲು ಹರಿವಾಣದ ತುಂಬ ಹಣ್ಣು ಹೆಚ್ಚಿಟ್ಟು ಉಪಚರಿಸಿದಳು.

ತೊಂದರೆಯಾದದ್ದು ಕೊಡಪಾನವನ್ನು ಹೊರಗೆ ಸಾಗಿಸುವಾಗ. ಟೀಚರ್ ಕೈ ತೊಳೆಯಲು ಹೋದ ಸಮಯ ನೋಡಿ ಲೋಕನಾಥ "ಅವಿನ್, ಒಂದು ಗಳಿಗೆ ಇದನ್ನು ಕಾರಲ್ಲಿ ಇಡ್ತೇನೆ, ಆಮೇಲೆ ಹೇಳ್ತೇನೆ" ಎಂದು ಪಿಸುಗುಟ್ಟಿ, ನೀರು ಚೆಲ್ಲಿ, ಹಿತ್ತಿಲ ಬೇಲಿ ದಾಟಿ ಹಿಂದಿನ ಓಣಿಗೆ ಇಳಿದ. ಅಲ್ಲಿ ಹೂಗಿಡ ಕತ್ತರಿಸುತ್ತಿದ್ದ ಪಕ್ಕದ ಮನೆಯ ಡಚ್ ಅಜ್ಜಿ ಕತ್ತರಿ ಎತ್ತಿ ಹಿಡಿದು ಅವನನ್ನೇ ನೋಡಿದರು. ಹೊಳೆಯುವ ಪಾತ್ರೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಓಡುವ ಗಂಡಸನ್ನು ಯಾವ ಊರಿನ ಅಜ್ಜಿಯೂ ಸುಮ್ಮನೆ ಬಿಡುವುದಿಲ್ಲ.

ಲೋಕನಾಥ ಕೊಡಪಾನವನ್ನು ಡಿಕ್ಕಿಯಲ್ಲಿ ಕಂಬಳಿ ಮುಚ್ಚಿಟ್ಟು ಮುಂಬಾಗಿಲಿನಿಂದ ಒಳಗೆ ಬರುವಾಗ ಅಜ್ಜಿಯೂ ಅಲ್ಲಿ ನಿಂತು ಡಚ್ಚಿನಲ್ಲಿ ಕಳ್ಳತನದ ವರದಿ ಒಪ್ಪಿಸುತ್ತಿದ್ದರು. ಎರಡೂ ಕೈಗಳಿಂದ ಗಾಳಿಯಲ್ಲಿ ದುಂಡನೆಯ ಹೊಟ್ಟೆ, ಸಣ್ಣ ಕೊರಳು ಬರೆದು ತೋರಿಸಿದರು. ಲೋಕನಾಥನನ್ನು ಕಂಡದ್ದೇ "ಇವನೇ!" ಎಂಬಂತೆ ಬೆರಳು ಚಾಚಿದರು.

"ಎಂತಂತೆ ಅವರಿಗೆ?" ಟೀಚರ್ ಕೇಳಿದರು.

"ಅದು... ನಮ್ಮ ತೋಟದ ಕುಂಬಳಕಾಯಿ ಚಂದ ಬಂದಿದೆಯಂತೆ ಟೀಚರ್," ಸಂಪ್ರೀತಾ ಬೆವರೊರೆಸಿಕೊಂಡಳು. "ಒಂದು ಲೋಕಣ್ಣನಿಗೆ ಕೊಡಿ ಅಂತಾರೆ."

"ಪಾಪ, ಎಷ್ಟು ಒಳ್ಳೆಯವರು," ಎಂದು ಟೀಚರ್ ಅಜ್ಜಿಗೆ ಕೈಮುಗಿದರು. ಹೊರಡುವಾಗ ತೋಟದ ಕಡೆಗೊಮ್ಮೆ ನೋಡಿದರು. ಅಲ್ಲಿ ಹುಲ್ಲು ಬಿಟ್ಟು ಏನೂ ಇರಲಿಲ್ಲ.

ನೂರ್ಡ್‌ವೈಕಿನ ದಾರಿಯುದ್ದಕ್ಕೂ ರಸ್ತೆಯ ಪ್ರತಿ ಉಬ್ಬಿಗೂ ಡಿಕ್ಕಿಯಿಂದ 'ಠಣ್' ಎನ್ನುವ ಸದ್ದು.

"ಲೋಕು, ಹಿಂದೆ ಎಂತ ಶಬ್ದ ಅದು?"

"ಜ್ಯಾಕ್ ಟೀಚರ್. ಟೈರ್ ಬದಲಿಸುವ ಜ್ಯಾಕ್."

"ಹೌದಾ. ನಮ್ಮ ಶಾಲೆಯ ಗಂಟೆ ಇದ್ದ ಹಾಗೆ ಉಂಟು."

ಸಮುದ್ರದ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. "ನೀವು ಒಳಗೇ ಕೂತಿರಿ, ಬಾಗಿಲು ತೆಗೆಸಿ ಬರ್ತೇನೆ," ಎಂದು ಲೋಕನಾಥ ಇಳಿದು, ಕಂಬಳಿ ಸುತ್ತಿದ ಗಂಟನ್ನು ಎತ್ತಿಕೊಂಡು ಓಡಿದ. ಒಳಗೆ ಶ್ರೀಜಿತ್ ಕಾಯುತ್ತಿದ್ದ. ಅವನು ಆ ಊರಿನ ದೊಡ್ಡ ಸಂಶೋಧನಾ ಕೇಂದ್ರದಲ್ಲಿ ಉಪಗ್ರಹಗಳನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕಕ್ಷೆಗೆ ಸೇರಿಸುವವನು. ಲೋಕನಾಥ ಚಾಚಿದ ಕೊಡಪಾನವನ್ನು ಹಿಡಿಯಲು ಕೈ ಚಾಚಿದ, ಗುರಿ ತಪ್ಪಿತು. ಅದು ನೆಲಕ್ಕೆ ಬಿದ್ದು ಸೋಫಾದ ಕಾಲು ಬಳಸಿ ಉರುಳುತ್ತಾ ಟಿವಿಯ ಕೆಳಗೆ ಹೋಗಿ ನಿಂತಿತು. ಗಂಡಸರಿಬ್ಬರೂ ಬೋರಲು ಮಲಗಿ, ಪ್ರಜ್ಞಾ "ಬಲಕ್ಕೆ, ಇನ್ನೂ ಬಲಕ್ಕೆ!" ಎಂದು ಕೂಗಿ, ಅಂತೂ ಹೊರಗೆಳೆದರು.

ಇಲ್ಲಿನ ಜನ ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿಗೆ ಪರದೆ ಹಾಕುವುದಿಲ್ಲ. ಬಾಡಿಗೆಯ ಮನೆಯಲ್ಲಿ ಪ್ರಜ್ಞಾಳೂ ಹಾಕಿರಲಿಲ್ಲ. ಲೋಕನಾಥನಿಗೆ ಅದು ಹೊಳೆದದ್ದು, ನೆಲದಿಂದ ತಲೆಯೆತ್ತಿದಾಗ ಕಾರಿನ ಗಾಜಿನೊಳಗಿನಿಂದ ಟೀಚರ ಕನ್ನಡಕ ಮಿಂಚಿದ್ದು ಕಂಡ ಮೇಲೆ.

ಆದರೆ ಟೀಚರ್ ನಗುತ್ತಲೇ ಒಳಗೆ ಬಂದರು. ಚಹಾ ಕುಡಿದರು. ಹಿತ್ತಿಲಿನ ಸ್ಟೀಲು ಬಾಲ್ದಿಯಲ್ಲಿ ಪೊದೆಯಾಗಿ ಬೆಳೆದ ಪುದಿನವನ್ನು ಮೂಸಿ ಹೊಗಳಿದರು. ಕೊಡಪಾನದ ಮುಂದೆ ನಿಂತು "ಓ, ಇಲ್ಲಿಯೂ ಉಂಟಾ!" ಎಂದರು. ಹೊರಡುವಾಗ ತಟ್ಟನೆ ತಿರುಗಿದರು.

"ಪ್ರಜ್ಞಾ, ಇದನ್ನು ಇವತ್ತಿಗೆ ನಾನು ಕೊಂಡುಹೋಗ್ಲಾ? ಲೋಕುವಿನ ಮನೆಯಲ್ಲಿ ಸ್ವಲ್ಪ ಕೆಲಸ ಉಂಟು."

ಬೇಡ ಎನ್ನುವ ಧೈರ್ಯ ಯಾರಿಗಿದೆ? ಟೀಚರ್ ಮುಂದಿನ ಸೀಟಿನಲ್ಲಿ ಕೂತು ಕೊಡಪಾನವನ್ನು ಮಡಿಲಲ್ಲಿಟ್ಟು, ತಮಗೂ ಅದಕ್ಕೂ ಸೇರಿಸಿ ಒಂದೇ ಬೆಲ್ಟು ಹಾಕಿಕೊಂಡರು. ಈಗ ಉಬ್ಬು ಬಂದರೂ ಠಣ್ ಎನ್ನಲಿಲ್ಲ. ಪಕ್ಕದಲ್ಲಿ ಟೀಚರನ್ನು ಕೂರಿಸಿಕೊಂಡ ಲೋಕನಾಥನಿಗೆ ತಾನು ನಾಲ್ಕನೇ ಕ್ಲಾಸಿನ ಕೊನೇ ಬೆಂಚಿಗೆ ಹಿಂದಿರುಗಿದಂತೆ ಅನಿಸಿತು. ಆದರೂ ಒಳಗೊಳಗೆ ಒಂದು ಸಮಾಧಾನ: ಬೈಗುಳ ಏನಿದ್ದರೂ ಆ ಎರಡು ಮನೆಗೆ; ನಮ್ಮ ಗೋಡೆಯ ಮೇಲೆ ಗಡಿಯಾರ ಇದೆ.

ಬಾಗಿಲು ತೆರೆದ ರಾಜೀವಿಯ ಕಣ್ಣು ಮೊದಲು ಬಿದ್ದದ್ದು ಟೀಚರ ಮೇಲಲ್ಲ. ಲೋಕನಾಥ ಅವರ ಕೈಯಿಂದ ಇಸಕೊಂಡಿದ್ದ ಕೊಡಪಾನದ ಮೇಲೆ, ಅದರ ತಳದಲ್ಲಿ ಇನ್ನೂ ಅಂಟಿಕೊಂಡಿದ್ದ ಅಂಗಡಿಯ ಹಳದಿ ಚೀಟಿಯ ಮೇಲೆ.

"ಪುನಃ ಕ್ರಿಂಗ್‌ಲೋಪಾ! ಇವತ್ತು ಸಹ ಬಿಡ್ಲಿಲ್ವಾ ನೀವು? ಯಾರೋ ಬೇಡ ಅಂತ ಬಿಸಾಡಿದ್ದನ್ನು... ಅಯ್ಯೋ, ಟೀಚರ್, ಬನ್ನಿ ಬನ್ನಿ, ಒಳಗೆ ಬನ್ನಿ. ಇವರೊಬ್ಬರು ಹೀಗೆಯೇ." ಅವಳು ಮಾತು ಬದಲಿಸಿ ಹೆಮ್ಮೆಯಿಂದ ಗೋಡೆ ತೋರಿಸಿದಳು. "ನೋಡಿ, ನೀವು ಮದುವೆಗೆ ಕೊಟ್ಟ ಗಡಿಯಾರ. ಒಂದು ದಿನ ನಿಂತದ್ದಿಲ್ಲ."

ಟೀಚರ್ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಚಂದ ಉಂಟು. ಆದರೆ ನಾನು ಕೊಟ್ಟದ್ದಲ್ಲ ಮಗಾ. ಗಡಿಯಾರದಲ್ಲಿ ಹೆಸರು ಕೊರೆಸ್ಲಿಕ್ಕೆ ಜಾಗ ಎಲ್ಲುಂಟು?"

ರಾಜೀವಿ ಗಡಿಯಾರದ ಹತ್ತಿರ ಹೋಗಿ ಅದರ ಅಂಚಿನಲ್ಲೆಲ್ಲ ಹೆಸರು ಹುಡುಕಿದಳು.

"ಹರಿವಾಣ ಕೊಟ್ಟದ್ದು ಸಂಪ್ರೀತಾಗೆ. ಇವತ್ತು ಅದರಲ್ಲೇ ಹಣ್ಣು ಕೊಟ್ಟಳು, ಹಿಂದೆ ಹೆಸರುಂಟು, ಅವಳು ತಿರುಗಿಸಿ ನೋಡ್ಲಿಲ್ಲ. ಬಾಲ್ದಿ ಕೊಟ್ಟದ್ದು ಪ್ರಜ್ಞಾಗೆ. ಪುದಿನ ಬೆಳೆಸಿದ್ದಾಳೆ, ನನಗೆ ಎಷ್ಟು ಖುಷಿಯಾಯ್ತು ಗೊತ್ತುಂಟಾ." ಟೀಚರ್ ಕೊಡಪಾನದ ಹೊಟ್ಟೆ ತಟ್ಟಿದರು. "ಕೊಡಪಾನ ಕೊಟ್ಟದ್ದು ಒಂದೇ ಮದುವೆಗೆ. ನಿಮ್ಮದಕ್ಕೆ."

ಲೋಕನಾಥನ ಕಣ್ಣ ಮುಂದೆ ಟೇಪು ಹಚ್ಚಿದ ಪೆಟ್ಟಿಗೆ ಸುಳಿಯಿತು. ರಾಜೀವಿಯ ಕಣ್ಣ ಮುಂದೆಯೂ ಅದೇ ಸುಳಿದಿರಬೇಕು. ಅವಳು ಗೋಡೆಗೆ ಒರಗಿದಳು.

"ಟೀಚರ್, ನಿಮಗೆ ಬೇಜಾರು..."

"ಮೊದಲನೇ ಮನೆಯಲ್ಲಿ ಸ್ವಲ್ಪ ಆಯ್ತು. ಆಮೇಲೆ ನೀನು ಅದನ್ನು ಹೊತ್ತು ಓಡುವುದು ನೋಡಿ ನಗು ತಡೀಲಿಕ್ಕೆ ಕಷ್ಟ ಆಯ್ತು ಲೋಕು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ನಾನು ನೋಡದ್ದಾ? ಬೇರೆಯವರಿಗೆ ಕಾಪಿ ಕೊಡ್ಲಿಕ್ಕೆ ಹೋಗಿ ತಾನೇ ಫೇಲಾದವನನ್ನು ಇವತ್ತೇ ನೋಡಿದ್ದು." ಅವರು ಕಣ್ಣೊರೆಸಿಕೊಂಡು ನಕ್ಕು, ಹತ್ತಿರವಿದ್ದ ಚರ್ಮದ ಕುರ್ಚಿಯಲ್ಲಿ ಕುಸಿದರು. ಕುಸಿದವರ ಮುಖ ಅರಳಿತು. "ಅಬ್ಬಾ! ನನ್ನ ಸೊಂಟಕ್ಕೆ ಅಳತೆ ತೆಗೆದು ಮಾಡಿದ ಹಾಗೆ ಉಂಟಲ್ಲ. ಇದೆಲ್ಲಿಂದ?"

"ಅದೇ ಅಂಗಡಿಯಿಂದ," ಲೋಕನಾಥ ಮೆಲ್ಲಗೆ ಹೇಳಿದ.

"ಇಂಥದ್ದನ್ನು ಸಹ ಕೊಟ್ಟುಬಿಡ್ತಾರಾ? ಇಷ್ಟು ಜೋಪಾನವಾಗಿ ಇಟ್ಟವರು, ಇನ್ನೊಬ್ಬರು ಕೂರಲಿ ಅಂತ! ಎಂಥ ಒಳ್ಳೆ ಜನ, ಎಂಥ ಒಳ್ಳೆ ಅಂಗಡಿ!"

ರಾಜೀವಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಅವಳಿಗೆ ತನ್ನ ಕಾನೂನು ನೆನಪಾಗಿತ್ತು.

"ಟೀಚರ್, ಆ ಕುರ್ಚಿ ನೀವೇ ಕೊಂಡುಹೋಗಿ. ಹಿತಾನ ಮನೆಯಲ್ಲಿ ಕೂತ್ಕೊಳ್ಳಿ. ನಮ್ಮಲ್ಲಿ ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗ್ಬೇಕು. ಕೊಡಪಾನ ಬಂತಲ್ಲ."

"ನಿಜವಾಗಿಯೂ? ಲೋಕು, ನಿನಗೆ ಬೇಜಾರಿಲ್ವಾ?"

ಇಲ್ಲ ಎನ್ನಲು ಬಾರದ ಲೋಕನಾಥ, ಇಲ್ಲ ಎನ್ನಲೇಬೇಕಾದ ಒಂದೇ ಒಂದು ಸಲ ಅದನ್ನು ಹೇಳಿದ. "ಇಲ್ಲ ಟೀಚರ್."

ಊಟವಾದ ಮೇಲೆ, ಇನ್ನೂ ಮಾಸದ ಬೇಸಿಗೆಯ ಬೆಳಕಿನಲ್ಲಿ, ಅವನು ಕುರ್ಚಿಯನ್ನು ಡಿಕ್ಕಿಗೆ ತುರುಕಿ ಹಗ್ಗ ಬಿಗಿದ. ಎಡಗಾಲು ಹೊರಗೆ ಚಾಚಿಕೊಂಡು ವಿದಾಯ ಹೇಳುವಂತೆ ಅಲುಗುತ್ತಿತ್ತು. ಬಾಗಿಲಲ್ಲಿ ರಾಜೀವಿ ಕೇಳಿದಳು: "ಅಲ್ಲ, ಕೊತ್ತಂಬರಿ ಸೊಪ್ಪೆಲ್ಲಿ?"

ಆಮ್‌ಸ್ಟೆಲ್‌ವೇನಿನಲ್ಲಿ ಇಳಿಯುವಾಗ ಟೀಚರ್ ಅವನ ತಲೆ ಸವರಿದರು.

"ನೀನು ಕೊಟ್ಟದ್ದು ಅಂತ ಮರೆತುಹೋಗ್ಬಾರ್ದು ಲೋಕು. ಯಾರಾದರೂ ಬಡಗಿ ಸಿಕ್ಕಿದರೆ ಕುರ್ಚಿಯ ಬೆನ್ನಿನ ಮರಕ್ಕೆ ಹೆಸರು ಕೆತ್ತಿಸ್ತೇನೆ. 'ಲೋಕನಾಥ, ಬಾಡ್‌ಹೂವೆಡಾರ್ಪ್.' ಮುಂದೆ ಆ ಅಂಗಡಿಯಲ್ಲಿ ಯಾರಾದರೂ ನೋಡಿದರೆ, ಯಾರದ್ದು ಅಂತ ಹುಡುಕುವುದು ಬೇಡ."