ಕಾರಣರಾಯರ ಒಂದನೇ ಕಾರಣ

ಸಾಯುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ ಎಂದು ಬಾಯಿಬಿಟ್ಟು ಕೇಳುವ ಜನ ಲೋಕದಲ್ಲಿ ಕಡಿಮೆ. ಕಾರಣರಾಯರು ಕೇಳುತ್ತಿದ್ದರು, ಅದೂ ಬರವಣಿಗೆಯಲ್ಲಿ, ಎರಡು ಪ್ರತಿಗಳಲ್ಲಿ.

ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು, ಟವೆಲು, ದಿಂಬಿನ ಚೀಲ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವರು ಬೆಳಗಿನ ಪಾಳಿಯ ಇನ್‌ಚಾರ್ಜ್. ಆರು ಗಂಟೆಯಿಂದ ಎರಡು ಗಂಟೆಯವರೆಗೆ ಇಪ್ಪತ್ಮೂರು ಜನ ಅವರ ಕೈಕೆಳಗೆ. ಈ ಇಪ್ಪತ್ಮೂರು ಜನರೂ ಹುಟ್ಟಿರುವುದೇ ನಡುವೆ ಎದ್ದು ಮನೆಗೆ ಓಡುವುದಕ್ಕೆ ಎಂಬುದು ರಾಯರ ಅಚಲ ನಂಬಿಕೆ. ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬಳಿಗೆ ಗ್ಯಾಸ್ ಬರುವ ದಿನ, ಮತ್ತೊಬ್ಬನಿಗೆ ಬೆಳಗ್ಗೆಯಿಂದ ಏನೋ ಒಂಥರಾ. "ಒಂಥರಾ ಅಂದ್ರೆ ಯಾವ ಥರಾ?" ಎಂದು ರಾಯರು ಗುಡುಗಿದರೆ ಪಾಪ ಆ ಮನುಷ್ಯ ಮತ್ತೆ ಹೋಗಿ ಟವೆಲು ಮಡಚುತ್ತಿದ್ದ.

ಕೊನೆಗೆ ಈ ರೋಗಕ್ಕೆ ಅವರು ಒಂದು ಮದ್ದು ಅರೆದರು. "ಪಾಳಿಯ ನಡುವೆ ಹಠಾತ್ತನೆ ನಿರ್ಗಮಿಸಲು ಅಂಗೀಕಾರಾರ್ಹವಾದ ಕಾರಣಗಳು" ಎಂಬ ಘನಗಂಭೀರ ಶಿರೋನಾಮೆಯ ಪಟ್ಟಿಯೊಂದು ಗಡಿಯಾರದ ಕೆಳಗೆ ನೇತುಬಿತ್ತು. ಒಟ್ಟು ಏಳು ಕಾರಣ. ಒಂದನೆಯದು ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಮಕ್ಕಳ ಮರಣ (ಅತ್ತೆ ಮಾವ ಬರುವುದಿಲ್ಲ). ಮೂರನೆಯದು ಮನೆಗೆ ಬೆಂಕಿ. ಬರೀ ಹೊಗೆ ಸಾಲದು. ಐದನೆಯದು ವಾಂತಿ, ಅದನ್ನು ಕನಿಷ್ಠ ಇಬ್ಬರು ಕಣ್ಣಾರೆ ನೋಡಿರಬೇಕು. ಉಳಿದವೂ ಇದೇ ಜಾತಿಯವು. ಅಡಿಯಲ್ಲಿ ಕೆಂಪು ಶಾಯಿಯಲ್ಲಿ, "ಒಂದು ಕಾರಣವನ್ನು ಒಬ್ಬರು ಒಮ್ಮೆ ಮಾತ್ರ ಬಳಸತಕ್ಕದ್ದು."

ಒಣಗಿಸುವ ಡ್ರಮ್ಮಿನವನು ಪಟ್ಟಿ ಓದಿ ತಲೆ ಕೆರೆದುಕೊಂಡ. "ಅಲ್ಲ ರಾಯರೇ, ಅಪ್ಪ ಸತ್ತಾಗ ಒಂದ್ಸಲ ಹೋದೆ ಅಂತಿಟ್ಕೊಳ್ಳಿ. ಆಮೇಲೆ ಅಮ್ಮ ಸಾಯೋ ಹಾಗೇ ಇಲ್ವಾ?"

"ಯಾಕಿಲ್ಲ? ಭಾನುವಾರ ಸಾಯಬಹುದು."

ಇಸ್ತ್ರಿ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಒಂದು ದಿನ ಒಲೆ ಆರಿಸದೆ ಬಂದೆನೆಂದು ಗಾಬರಿಯಿಂದ ಬಂದು ನಿಂತಳು. ರಾಯರು ಪಟ್ಟಿ ನೋಡಿ, "ಹೊತ್ಕೊಂಡ ಮೇಲೆ ಬನ್ನಿ" ಎಂದರು. ಪುಣ್ಯಕ್ಕೆ ಒಲೆ ಆರಿತ್ತು. ಅಜ್ಜಿಯ ಹೊಟ್ಟೆಯೊಳಗಿನ ಉರಿ ಮಾತ್ರ ಆರಲಿಲ್ಲ.

ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಎನ್ನುತ್ತಾರಲ್ಲ, ರಾಯರ ಮನೆಯ ವಿಷಯವೂ ಅಷ್ಟೇ. ಹೆಂಡತಿ ಅಂಗಡಿಗಳಿಗೆ ಕಿಟಕಿ ಪರದೆ ಹೊಲಿದುಕೊಡುವಾಕೆ. ಹೊಲಿಗೆ ಯಂತ್ರ ಓಡುತ್ತಿರುವಷ್ಟು ಹೊತ್ತು ಮನೆಯಲ್ಲಿ ಶಾಂತಿ. ಅದು ನಿಂತಿತೆಂದರೆ ರಾಯರು ಪೇಪರಿನ ಹಿಂದೆ ಅಡಗುತ್ತಿದ್ದರು. ಆ ದಿನ ಬೆಳಗ್ಗೆ ಐದೂವರೆಗೇ ಅದು ನಿಂತಿತು.

"ರೀ, ಶಾಲೆಯಿಂದ ಚೀಟಿ ಬಂದಿದೆ. ಇವತ್ತು ಹನ್ನೊಂದು ಗಂಟೆಗೆ ಬನ್ನಿ ಅಂತ. ನೀವು ಹೋಗ್ಬನ್ನಿ. ನಂಗೆ ಹದಿನಾಲ್ಕು ಪರದೆ ಇವತ್ತೇ ಕೊಡ್ಬೇಕು."

"ಹನ್ನೊಂದಕ್ಕಾ? ಪಾಳಿ ಮಧ್ಯದಲ್ಲಾ?" ರಾಯರು ಶೂಗೆ ಲೇಸು ಕಟ್ಟುತ್ತ ನಕ್ಕರು. (ಆ ನಗೆಯೇ ಮೊದಲ ತಪ್ಪು.) "ಶಾಲೆ ಪಟ್ಟಿಯಲ್ಲಿಲ್ಲ ಕಣೇ."

"ನಿಮ್ಮ ಪಟ್ಟಿಗೆ ಒಲೆಯ ದಾರಿ ತೋರಿಸ್ತೀನಿ. ಮಗಳು ನಂಗೊಬ್ಳಿಗೇ ಹುಟ್ಟಿದ್ದಾ?"

"ನಾನೇ ಬರೆದಿದ್ದನ್ನ ನಾನೇ ಮುರಿದ್ರೆ ನಾಳೆ ಆ ಡ್ರಮ್ಮಿನವನು ನನ್ನ ಮುಖಕ್ಕೆ ನಗ್ತಾನೆ."

ಅಲ್ಲಿಂದ ಜಗಳ ಶಾಲೆಯನ್ನು ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಎರಡು ವರ್ಷದ ಹಿಂದೆ ಸೋರುತ್ತಿದ್ದ ನಲ್ಲಿಗೆ ಹೋಯಿತು, ಆಕೆಯ ತಂಗಿಯ ಮದುವೆಗೆ ರಾಯರು ಊಟದ ಹೊತ್ತಿಗೆ ಸರಿಯಾಗಿ ಬಂದು ಊಟವಾದ ತಕ್ಷಣ ಎದ್ದದ್ದಕ್ಕೆ ಹೋಯಿತು, ಪಟ್ಟಿಯಲ್ಲಿ ಅತ್ತೆ ಮಾವ ಯಾಕೆ ಬರುವುದಿಲ್ಲ ಎಂಬಲ್ಲಿಗೂ ಹೋಯಿತು. ("ಕರೆದ್ರೆ ತಾನೇ ಬರೋದು!" ಎಂದು ಆಕೆ.) ಕೊನೆಗೆ ಆಕೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ನಾನು ಸತ್ರೆ ಬರ್ತೀರಾ?"

"ಬರ್ದೇ ಇರ್ತೀನಾ? ಅದು ಒಂದನೇ ಕಾರಣ!" ಎಂದರು ರಾಯರು, ಹೆಮ್ಮೆಯಿಂದ.

ಆಕೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಗೆದ್ದೆನೆಂದುಕೊಂಡು ರಾಯರು ಸೈಕಲ್ ಹತ್ತಿದರು.

ಹತ್ತೂ ನಲವತ್ತಕ್ಕೆ ಲಾಂಡ್ರಿಯ ಆಫೀಸಿನ ಫೋನು ಬಡಿದುಕೊಂಡಿತು. ಆಗ ತಾನೇ ಬಂದಿದ್ದ ಬಿಸಿ ದಿಂಬಿನ ಚೀಲಗಳನ್ನು ಎಣಿಸುತ್ತಿದ್ದ ರಾಯರು ಒಂದನ್ನು ಹೆಗಲ ಮೇಲೆ ಹಾಕಿಕೊಂಡು ಫೋನು ಎತ್ತಿದರು. ಹೆಂಡತಿಯ ದನಿ. ತಣ್ಣಗೆ, ಚುಟುಕಾಗಿ. "ನಾನು ಹೋಗ್ತೀನಿ." ಅಷ್ಟೇ. ಫೋನು ಕಟ್ಟಾಯಿತು.

ರಾಯರಿಗೆ ಎಣಿಕೆ ಮರೆತೇಹೋಯಿತು. ಮನೆಯಿಂದ ಹೊರಡುವವರು "ಹೋಗ್ತೀನಿ" ಎನ್ನುತ್ತಾರೆಯೇ? "ಬರ್ತೀನಿ" ಎನ್ನಬೇಕು. ಹೋಗುವವರು ಹೋಗುತ್ತೇನೆಂದು ಹೇಳಬಾರದು, ಬರುತ್ತೇನೆಂದೇ ಹೇಳಿ ಹೋಗಬೇಕು. ಮಾತು ಬಲ್ಲ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮರ್ಯಾದೆ ಇದು. ಅವರ ಹೆಂಡತಿಯಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಮೂಲೆಯಂಗಡಿಗೆ ದಾರದುಂಡೆ ತರಲು ಹೊರಟರೂ "ಬರ್ತೀನಿ." ಮದುವೆಯಾದ ಮೂರನೇ ವರ್ಷ ಮಹಾಯುದ್ಧವಾಗಿ ಪೆಟ್ಟಿಗೆ ಸಮೇತ ತವರಿಗೆ ಹೊರಟಾಗಲೂ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿಕೊಂಡು "ಬರ್ತೀನಿ" ಎಂದೇ ಹೋಗಿದ್ದಳು, ಮಾರನೇ ದಿನ ಬಂದೂ ಬಂದಿದ್ದಳು. ಹದಿನೆಂಟು ವರ್ಷದಲ್ಲಿ ಆಕೆಯ ಬಾಯಲ್ಲಿ "ಹೋಗ್ತೀನಿ" ಬಂದದ್ದೇ ಇಲ್ಲ. ಇವತ್ತು ಬಂತೆಂದರೆ ಆಕೆ ತಮ್ಮನ್ನು ಬಿಟ್ಟೇ ಹೊರಟಳು ಎಂದು ರಾಯರಿಗೆ ಖಾತ್ರಿಯಾಯಿತು.

ಮೂರು ಸಲ ತಿರುಗಿ ಫೋನು ಮಾಡಿದರು. ಸ್ವಿಚ್ ಆಫ್.

ಓಡಬೇಕು. ಆದರೆ ಯಾವ ಕಾರಣ ಕೊಟ್ಟು? ರಾಯರು ಗಡಿಯಾರದ ಕೆಳಗೆ ಹೋಗಿ ತಮ್ಮದೇ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಬೆಂಕಿಯಿತ್ತು, ಪ್ರವಾಹವಿತ್ತು, ವಾಂತಿಯಿತ್ತು. ಹೆಂಡತಿ ಮುನಿಸಿಕೊಂಡು ಹೋದರೆ ಗಂಡನಾದವನು ಓಡಬಹುದು ಎಂದು ಎಲ್ಲೂ ಇರಲಿಲ್ಲ. ಪಟ್ಟಿ ಬರೆಯುವಾಗ ಇಂಥದ್ದೊಂದು ತಮ್ಮ ಬುದ್ಧಿಗೆ ಹೊಳೆಯಲೇ ಇಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ವಾಂತಿ ಮಾಡೋಣವೆಂದು ಒಂದು ಸಲ ಪ್ರಯತ್ನಪಟ್ಟರು. ಬರೀ ಕೆಮ್ಮು ಬಂತು. ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ರಜೆ ಚೀಟಿಯ ಮೇಲೆ ನಿಜವನ್ನೇ ಬರೆದರು: "ಹೆಂಡತಿ ಹೋದಳು." ಅದನ್ನು ಇಸ್ತ್ರಿ ಅಜ್ಜಿಯ ಕೈಗಿಟ್ಟು, "ದೊಡ್ಡ ಸಾಹೇಬರು ಬಂದ್ರೆ ಕೊಡಿ" ಎಂದವರೇ ಹೆಗಲ ಮೇಲಿನ ದಿಂಬಿನ ಚೀಲದ ಸಮೇತ ಓಡಿದರು.

ಮನೆಗೆ ಬೀಗ. ತಮ್ಮ ಕೀಲಿಯಿಂದ ತೆಗೆದು ಒಳಗೆ ನುಗ್ಗಿದರೆ ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ಪರದೆ, ಸೂಜಿ ಬಟ್ಟೆಯಲ್ಲೇ ನೆಟ್ಟಿತ್ತು. ಆಕೆ ಹೊರಗೆ ಹೋಗುವಾಗ ಮಾತ್ರ ಮೆಟ್ಟುವ ಚಪ್ಪಲಿ ಇರಲಿಲ್ಲ. ದೊಡ್ಡ ಬ್ಯಾಗೂ ಇರಲಿಲ್ಲ.

"ಹೋದ್ರಲ್ಲ, ಈಗ ತಾನೇ!" ಎಂದಳು ಪಕ್ಕದ ಮನೆಯಾಕೆ, ಗೋಡೆಯ ಮೇಲಿಂದ. "ಮುಖ ಇಷ್ಟು ದಪ್ಪ ಮಾಡ್ಕೊಂಡು, ಬ್ಯಾಗ್ ನೇತಾಕ್ಕೊಂಡು. ನಾನು ಎಲ್ಲಿಗೆ ಅಂದ್ರೆ, 'ಅವರನ್ನೇ ಕೇಳಿ' ಅಂದ್ರು. ಎಲ್ಲಿಗೆ ಹೋದ್ರು?"

ರಾಯರು ಮೆಟ್ಟಿಲ ಮೇಲೆ ಕುಸಿದು ಕೂತರು. ಹದಿನೆಂಟು ವರ್ಷದ ಪಾಪಗಳೆಲ್ಲ ಸಾಲುಗಟ್ಟಿ ಬಂದು ನಿಂತವು. ಆಕೆಗೆ ಜ್ವರ ಬಂದಾಗ ಮಧ್ಯಾಹ್ನ ಫೋನು ಮಾಡಿದ್ದಳು. ಜ್ವರ ಪಟ್ಟಿಯಲ್ಲಿಲ್ಲ ಎಂದಿದ್ದರು. ಮಗಳು ಹುಟ್ಟಿದಾಗಲೂ ಪಾಳಿ ಮುಗಿಸಿಕೊಂಡೇ ಆಸ್ಪತ್ರೆಗೆ ಹೋಗಿ, "ಎರಡು ಗಂಟೆವರೆಗೆ ತಡೆಯೋಕಾಗ್ಲಿಲ್ವಾ?" ಎಂದು ಕೇಳಿದ್ದರು. ಈ ಮನೆಯಲ್ಲಿ ಆಕೆ ಇಲ್ಲದೆ ತಾವು ಒಂದು ದಿನ ಬಾಳಲಾರೆವು ಎಂದು ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಆಕೆಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಅಳು ಬಂತು. ದಿಂಬಿನ ಚೀಲದಿಂದ ಮುಖ ಒರೆಸಿಕೊಂಡರು.

ಹನ್ನೆರಡು ಗಂಟೆಗೆ ಲಾಂಡ್ರಿಯ ವ್ಯಾನು ಬಾಗಿಲಿಗೆ ಬಂದು ನಿಂತಿತು. ಮುಂದಿನ ಸೀಟಿನಿಂದ ದೊಡ್ಡ ಸಾಹೇಬರು ಇಳಿದರು. ಹಿಂದಿನಿಂದ ಡ್ರಮ್ಮಿನವನು, ಅಜ್ಜಿ, ಟವೆಲು ಮಡಚುವವರು, ಇಡೀ ಪಾಳಿಯೇ ಇಳಿಯಿತು. ಅಜ್ಜಿಯ ಕೈಯಲ್ಲಿ ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟು. ಬಂದು ರಾಯರ ಸುತ್ತ ನಿಂತರು.

"ಯಾವಾಗ ಹೋದ್ರು?" ಎಂದರು ಸಾಹೇಬರು, ರಾಯರ ಹೆಗಲ ಮೇಲೆ ಕೈಯಿಟ್ಟು.

"ಹತ್ತೂ ನಲವತ್ತಕ್ಕೆ ಸಾರ್."

"ಕೊನೆಗೆ ಏನಾದ್ರೂ ಹೇಳಿದ್ರಾ?"

"ನಾನು ಹೋಗ್ತೀನಿ ಅಂದ್ಲು. ಅಷ್ಟೇ."

"ಪುಣ್ಯಾತ್ಗಿತ್ತಿ!" ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಹೇಳಿ ಹೋಗೋ ಭಾಗ್ಯ ಎಷ್ಟು ಜನಕ್ಕಿರುತ್ತೆ!"

ಇದರಲ್ಲಿ ಭಾಗ್ಯವೇನು ಬಂತೆಂದು ರಾಯರಿಗೆ ತಿಳಿಯಲಿಲ್ಲ. ಆದರೂ ತಮ್ಮ ಸಂಸಾರ ಮುರಿದದ್ದಕ್ಕೆ ಇಷ್ಟು ಜನ ಮರುಗುತ್ತಾರಲ್ಲ ಎಂದು ಎದೆ ತುಂಬಿ ಬಂತು. ಇಂಥವರಿಗೆ ತಾವು ಒಂದು ಹಲ್ಲುನೋವಿಗೂ ರಜೆ ಕೊಡಲಿಲ್ಲ!

"ಈಗ ಎಲ್ಲಿದ್ದಾರೆ?" ಸಾಹೇಬರು ಮೆಲ್ಲಗೆ ಒಳಗೆ ಇಣುಕಿದರು.

"ಅದೇ ಗೊತ್ತಾಗ್ತಿಲ್ಲ ಸಾರ್. ಬಸ್ ಹತ್ತಿದ್ಲೋ ಏನೋ."

ಸಾಹೇಬರು ಡ್ರಮ್ಮಿನವನ ಮುಖ ನೋಡಿದರು. ಡ್ರಮ್ಮಿನವನು ತಲೆಯ ಪಕ್ಕ ಬೆರಳು ತಿರುಗಿಸಿ, ದುಃಖ ನೆತ್ತಿಗೇರಿದೆ ಎಂದು ಸನ್ನೆ ಮಾಡಿದ.

ರಾಯರು ಅಜ್ಜಿಯ ಕೈ ಹಿಡಿದುಕೊಂಡರು. "ಅಜ್ಜೀ, ನಾಲ್ಕು ಕಾಲ ಕಂಡವರು ನೀವು, ಹೇಳಿ. ವಾಪಸ್ ಬರ್ತಾಳಾ?"

"ಹೋದೋರು ಎಲ್ಲಾದ್ರೂ ಬರ್ತಾರೇನಪ್ಪಾ?"

ಈ ಮಾತಿಗೆ ರಾಯರು ಬಾಯಿಬಿಟ್ಟು ಅತ್ತರು. ಪಾಳಿಯಲ್ಲಿ ಅರ್ಧ ಜನ ಅವರೊಡನೆ ಅತ್ತರು. ಉಳಿದರ್ಧ ಜನ, ಇಂಥ ದಿನ ಎರಡು ಗಂಟೆಗೆ ಮೊದಲು ಲಾಂಡ್ರಿಗೆ ವಾಪಸ್ ಹೋಗಬೇಕಾಗಿಲ್ಲ ಎಂಬ ಸಮಾಧಾನವನ್ನು ಮುಖದಲ್ಲಿ ತೋರಿಸದಿರಲು ಹೆಣಗಿದರು.

ಆ ಹೊತ್ತಿಗೆ ಬೀದಿಯ ತಿರುವಿನಲ್ಲಿ ಹೆಂಡತಿ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಹೊಲಿದಷ್ಟು ಪರದೆ ಅಂಗಡಿಗೆ ಕೊಟ್ಟು ಖಾಲಿಯಾದ ದೊಡ್ಡ ಬ್ಯಾಗು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ. ಬಾಗಿಲಲ್ಲಿ ಜನ ನೆರೆದದ್ದು ಕಂಡು ಆಕೆಯ ಮುಖ ಬಿಳಿಚಿಕೊಂಡಿತು. ಓಡಿ ಬಂದು ಅಜ್ಜಿಯನ್ನು ಕೇಳಿದಳು.

"ಅಯ್ಯೋ, ಯಾರು ಹೋದ್ರು?"

ಅಜ್ಜಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನೇ ಕಣಮ್ಮಾ."

ಆಮೇಲೆ ಸ್ವಲ್ಪ ಹೊತ್ತು ಯಾರು ಏನು ಮಾತಾಡಿದರೆಂದು ಯಾರಿಗೂ ಸರಿಯಾಗಿ ಕೇಳಲಿಲ್ಲ. ಸಾಹೇಬರು ಜೇಬಿನಿಂದ ಚೀಟಿ ತೆಗೆದು ತೋರಿಸಿದರು. ಆಕೆ ಓದಿದಳು, ಗಂಡನನ್ನು ನೋಡಿದಳು, ಮತ್ತೆ ಓದಿದಳು.

"ನೀನೇ ತಾನೇ ಹೋಗ್ತೀನಿ ಅಂದಿದ್ದು?" ರಾಯರು ತೊದಲಿದರು.

"ಶಾಲೆಗೆ ರೀ! ಬೆಳಗ್ಗೆ ನೀವು ಹೋಗಲ್ಲ ಅಂದ್ರಿ. ಆಯ್ತು, ನಾನೇ ಹೋಗ್ತೀನಿ ಅಂತ ಫೋನ್ ಮಾಡ್ದೆ. ಅಷ್ಟಕ್ಕೇ ನನ್ನ ಸಾಯಿಸಿ ಊರಿಗೆಲ್ಲ ಹೇಳಿದ್ರಾ?"

"ಸಾಯಿಸಲಿಲ್ಲ ಕಣೇ. ನನ್ನ ಬಿಟ್ಟು ಹೋದೆ ಅಂತ..." ಆಕೆ ಅವರ ಒದ್ದೆ ಕಣ್ಣು, ಕೈಯಲ್ಲಿ ಮುದ್ದೆಯಾಗಿದ್ದ ಹೋಟೆಲಿನ ದಿಂಬಿನ ಚೀಲ ನೋಡಿದಳು. ಒಂದು ಕ್ಷಣ ಮುಖ ಸಡಿಲವಾಯಿತು. ನಗುವೋ ಅಳುವೋ ಏನೋ ಒಂದು ತುಟಿಯವರೆಗೆ ಬಂದು ನಿಂತಿತು.

"ಪಾಳಿ ಬಿಟ್ಟು ಓಡಿ ಬಂದ್ರಾ?"

"ಬಂದೆ."

"ಸದ್ಯ. ಇದೊಂದು ಕಂಡೆ." ಆಮೇಲೆ ಮಗಳನ್ನು ಮುಂದಕ್ಕೆ ತಳ್ಳಿದಳು. "ಈಗ ನಿಮ್ಮ ಮಗಳ ಪ್ರತಾಪ ಕೇಳಿ. ನಾನು ಹೋದ ತಕ್ಷಣ ಹೆಡ್ ಟೀಚರ್ ಎದ್ದು ಬಂದು ನನ್ನ ಕೈ ಹಿಡ್ಕೊಂಡು ಅತ್ರು. ಧೈರ್ಯ ತಂದ್ಕೊಳ್ಳಿ ಅಂದ್ರು. ಯಾಕೆ ಅಂತ ಕೇಳಿದ್ರೆ, ಹೋದ ಗುರುವಾರ ನೀವು ತೀರಿಕೊಂಡ್ರಂತೆ!"

ಸಂಗತಿ ಇಷ್ಟು. ಪಟ್ಟಿಯ ಶುದ್ಧಪ್ರತಿಯನ್ನು ದುಂಡಗೆ ಬರೆದುಕೊಟ್ಟವಳು ಮಗಳೇ. ಒಂಬತ್ತನೇ ಕ್ಲಾಸಿನ ಆ ಜಾಣೆ ತನಗೂ ಒಂದು ಪ್ರತಿ ಇಟ್ಟುಕೊಂಡಿದ್ದಳು. ಗಣಿತದ ಪೀರಿಯಡ್ಡು ಅರ್ಧವಾದಾಗ ಎದ್ದು ನಿಂತು ಒಂದೊಂದೇ ಕಾರಣ ಹೇಳಿ ಮನೆಗೆ ಹೊರಡುತ್ತಿದ್ದಳು. ಮನೆಗೆ ಎರಡು ತಿಂಗಳಲ್ಲಿ ಬೆಂಕಿ ಬಿದ್ದಿತ್ತು, ನೀರು ನುಗ್ಗಿತ್ತು.

"ಅದಕ್ಕೆ ಅಪ್ಪನ್ನೇ ಸಾಯಿಸೋದಾ?" ಎಂದರು ರಾಯರು.

"ಏನ್ ಮಾಡ್ಲಿ ಅಪ್ಪಾ," ಎಂದಳು ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಒಂದು ಕಾರಣ ಒಂದೇ ಸಲ ಅಂತ ನೀನೇ ಬರೆದಿದ್ದೀಯಲ್ಲ. ಆರು ಮುಗಿದಿತ್ತು. ಅದೊಂದೇ ಬಾಕಿ ಇತ್ತು."

ಡ್ರಮ್ಮಿನವನು ಬೇಗ ಬೇಗ ಹೋಗಿ ವ್ಯಾನಿನೊಳಗೆ ಕೂತ. ಒಳಗಿನಿಂದ ವ್ಯಾನು ಅಲ್ಲಾಡುತ್ತಿತ್ತು. ಸಾಹೇಬರು ಮಾತ್ರ ನಗಲಿಲ್ಲ. "ನಾಳೆ ಮಾತಾಡೋಣ" ಎಂದು ಹೊರಟರು. ಬೆಡ್‌ಶೀಟನ್ನು ವಾಪಸ್ ತೆಗೆದುಕೊಂಡು ಹೋಗಲು ಅಜ್ಜಿ ಮರೆಯಲಿಲ್ಲ.

"ನಾಳೆ ಹನ್ನೊಂದು ಗಂಟೆಗೆ ನೀವೇ ಹೋಗ್ಬೇಕು," ಎಂದಳು ಹೆಂಡತಿ, ಒಳಗೆ ಬಂದು ಯಂತ್ರದ ಮುಂದೆ ಕೂರುತ್ತ. "ನಾನು ಎಷ್ಟು ಹೇಳಿದ್ರೂ ಹೆಡ್ ಟೀಚರ್ ನಂಬಲಿಲ್ಲ. ಕಣ್ಣಾರೆ ನೋಡ್ಬೇಕಂತೆ. ಇಲ್ದಿದ್ರೆ ಇವಳನ್ನ ಕ್ಲಾಸಿಗೆ ಸೇರಿಸಲ್ವಂತೆ."

ಮಾರನೇ ದಿನ ಲಾಂಡ್ರಿಗೆ ಹೋದರೆ ಗೋಡೆಯ ಮೇಲೆ ಪಟ್ಟಿ ಇದ್ದಲ್ಲೇ ಇತ್ತು. ಚೀಟಿಗೆ ಸಹಿ ಹಾಕುವ ಅಧಿಕಾರ ಮಾತ್ರ ರಾಯರದಾಗಿ ಉಳಿದಿರಲಿಲ್ಲ. ಸಾಹೇಬರು ಅದನ್ನು ಇಸ್ತ್ರಿ ಅಜ್ಜಿಗೆ ಕೊಟ್ಟಿದ್ದರು. ಹತ್ತೂವರೆಗೆ ರಾಯರು ಚೀಟಿ ಬರೆದುಕೊಂಡು ಇಸ್ತ್ರಿ ಮೇಜಿನ ಮುಂದೆ ಕೈಕಟ್ಟಿ ನಿಂತರು. ಅಜ್ಜಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದಿದಳು: "ನಾನು ಬದುಕಿದ್ದೇನೆಂದು ಶಾಲೆಯಲ್ಲಿ ತೋರಿಸಿ ಬರಬೇಕಾಗಿದೆ."

ಇಪ್ಪತ್ತೆರಡು ಜನ ಕೈಯಲ್ಲಿದ್ದ ಟವೆಲು ಹಾಗೇ ಹಿಡಿದು ನಿಂತರು. ಅಜ್ಜಿ ನಿಧಾನವಾಗಿ ಎದ್ದು ಗಡಿಯಾರದ ಕೆಳಗೆ ಹೋದಳು. ಒಂದನೆಯದರಿಂದ ಏಳನೆಯದರವರೆಗೆ ಬೆರಳಿಟ್ಟು ನೋಡಿದಳು. ಹಿಂದೆ ತಿರುಗಿಸಿ, ಹಾಳೆಯ ಬೆನ್ನನ್ನೂ ನೋಡಿದಳು. ಆಮೇಲೆ ಚೀಟಿಯನ್ನು ರಾಯರ ಕೈಗೆ ವಾಪಸ್ ಕೊಟ್ಟಳು.

"ಸತ್ರೆ ಕಳಿಸಬಹುದಿತ್ತು ರಾಯರೇ," ಎಂದಳು. "ಬದುಕಿರೋದು ಪಟ್ಟಿಯಲ್ಲಿಲ್ಲ."