ಸೀತಾರಾಮಪ್ಪನ ಬಲಗಾಲಿನ ಬಿಡುಗಡೆ ಕುರಿತು

ಇಂದ:
ಸೀತಾರಾಮಪ್ಪ ಬಿನ್ ಹುಚ್ಚಪ್ಪ,
ಕೃಷಿಕ ಹಾಗೂ ಸ್ವಯಂ ಸಂಶೋಧಕ,
ಕಣಗಲಕೊಪ್ಪ, ಹೊಸನಗರ ತಾಲ್ಲೂಕು.

ಗೆ:
ಯಾವ ಸಂಶೋಧನೆ ಯಾವ ನಿಧಿಗೆ ಸೇರುತ್ತದೆಂದು ಬಲ್ಲ ಅಧಿಕಾರಿಗಳು,
ಅವರ ಕಚೇರಿ ಎಲ್ಲಿದೆಯೋ ಅಲ್ಲಿಗೆ.

ವಿಷಯ: ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಲೇಪದ ಸಂಶೋಧನೆಗೆ ಸರಿಯಾದ ಸರ್ಕಾರಿ ನಿಧಿಯನ್ನು ಗೊತ್ತುಪಡಿಸಿ, ಅರ್ಜಿದಾರನ ಬಲಗಾಲನ್ನು ಮಳೆಗಾಲಕ್ಕೆ ಮುಂಚೆ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: 1) ಅರ್ಜಿದಾರನ ಹಿಂದಿನ ಹದಿನಾಲ್ಕು ಅರ್ಜಿಗಳು.
2) ಅವಕ್ಕೆ ಬಂದ ಒಂದು ಉತ್ತರ. (ಅದು ಕೊಳವೆಬಾವಿ ಕೇಳಿದ್ದ ಬೇರೊಬ್ಬ ಸೀತಾರಾಮಪ್ಪನದು.)

ಮಾನ್ಯರೇ,

ತಲೆಬಾಗಿ ಅರಿಕೆ ಮಾಡುವುದೇನೆಂದರೆ, ತಲೆ ಬಾಗಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಕಾಲು. ಕಾರಣ ಕಾಲಿನಿಂದಲೇ ಆರಂಭಿಸಲಾಗಿದೆ.

1. ಸದರಿ ಅರ್ಜಿದಾರನು ಮಳೆಗಾಲದಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಗೊಬ್ಬರಕ್ಕೆ ಸೊಪ್ಪು ಕಡಿಯುವವನು. ಅಲ್ಲಿ ಸೊಪ್ಪಿಗಿಂತ ಉಂಬಳ ಹೆಚ್ಚು. ಆದ್ದರಿಂದ ಹೊಗೆಸೊಪ್ಪು, ಸುಣ್ಣ, ಹೊಂಗೆ ಎಣ್ಣೆ ಮತ್ತು ಸದ್ಯ ಹೆಸರು ಹೇಳಲಾಗದ ಒಂದು ಬೇರನ್ನು ಅರೆದು ಲೇಪವೊಂದನ್ನು ಕಂಡುಹಿಡಿದನು. ಹಚ್ಚಿಕೊಂಡು ಹೋದ ದಿನ ಒಂದು ಉಂಬಳವೂ ಹತ್ತಲಿಲ್ಲ. ಊರಿನವರಿಗೆಲ್ಲ ಉಪಕಾರವಾಗಲೆಂದು ಅದನ್ನು ಸರ್ಕಾರಕ್ಕೆ ತಿಳಿಸಿದನು. ತಪ್ಪಾದದ್ದು ಅಲ್ಲಿಯೇ.

2. ಕೃಷಿ ಸಂಶೋಧನೆಯ ಅರ್ಜಿಗಳನ್ನು ನೋಡುವ ಲಿಖಿತಾ ಮೇಡಂ ಕಾಗದ ಓದಿ, "ಎರಡೂ ಕಾಲಿಗೆ ಹಚ್ಚಿದ್ರೆ ಅದು ಔಷಧಿ ಆಗುತ್ತೆ ಅಷ್ಟೆ, ಸಂಶೋಧನೆ ಆಗಲ್ಲ. ಹೋಲಿಸಿ ನೋಡೋಕೆ ಒಂದು ಕಾಲು ಖಾಲಿ ಬಿಡಿ" ಎಂದರು. ಎಡಗಾಲಿಗೆ ಲೇಪ, ಬಲಗಾಲಿಗೆ ಬರೀ ಮಳೆ ಎಂದು ತೀರ್ಮಾನವಾಯಿತು. ನಿಧಿ ಗೊತ್ತಾಗುವವರೆಗೆ ಈ ಕ್ರಮ ಬದಲಿಸತಕ್ಕದ್ದಲ್ಲ ಎಂಬ ಮುಚ್ಚಳಿಕೆಗೆ ಅರ್ಜಿದಾರನು ರುಜು ಹಾಕಿದನು. ನಿಧಿ ಗೊತ್ತಾಗಲು ಒಂದು ವಾರ ಸಾಕೆಂದು ಅವನ ಅಂದಾಜಿತ್ತು. ಈಗ ಮೂರನೆಯ ಮಳೆಗಾಲ ಹತ್ತಿರ ಬಂದಿದೆ.

3. ಉಂಬಳ ಪಾದದಿಂದ ಮೊಣಕಾಲಿಗೆ ಏರುವ ವೇಳೆಯನ್ನು ಬರೆಯಬೇಕಿತ್ತು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೊಂಬೆ. ಮೊಬೈಲ್ ಹಿಡಿಯಲು ಮೂರನೆಯ ಕೈ ಮಂಜೂರಾಗಿಲ್ಲ. ಮುಕುಂದಯ್ಯನವರ ಜಗಲಿಯಲ್ಲಿ ಶನಿವಾರದ ಕಾವ್ಯವಾಚನ ಕೇಳಿ ಕೇಳಿ ಪದ್ಯಗಳು ಬಾಯಿಗೆ ಬಂದಿರುವ ಕಾರಣ, ಅವನು ಷಟ್ಪದಿ ಹೇಳಿಕೊಂಡೇ ಅಳೆದನು. "ಬಲಗಾಲು: ಎರಡು ಭಾಮಿನಿ ಷಟ್ಪದಿ. ಎಡಗಾಲು: ಇಡೀ ಸಂಧಿ ಮುಗಿದರೂ ಇಲ್ಲ."

ಮೇಡಂ ಪೆನ್ನು ಕೆಳಗಿಟ್ಟು, "ಯಾವ ರಾಗದಲ್ಲಿ ಹೇಳಿದ್ರಿ?" ಎಂದರು.

"ಮಳೆ ಜೋರಿದ್ರೆ ಮೋಹನ. ಸುಸ್ತಾದ್ರೆ ನೀಲಾಂಬರಿ."

"ನೀಲಾಂಬರಿ ಹೇಳಿದ್ದನ್ನ ಹೊಡೆದು ಹಾಕಿ ಸೀತಾರಾಮಪ್ಪ. ಅದಕ್ಕೆ ಉಂಬಳಕ್ಕೂ ನಿದ್ದೆ ಬಂದಿರುತ್ತೆ."

ಕಾರಣ ಒಂದು ತಿಂಗಳ ರಕ್ತ ವ್ಯರ್ಥವಾಯಿತು.

4. ಬೆಳೆ ಸಂಶೋಧನೆಯ ನಿಧಿಯವರು "ಉಂಬಳ ಯಾವ ಬೆಳೆ ತಿನ್ನುತ್ತೆ?" ಎಂದು ಕೇಳಿದರು. "ಬೆಳೆಯೋನನ್ನ ತಿನ್ನುತ್ತೆ ಸ್ವಾಮಿ" ಎನ್ನಲಾಗಿ, ಬೆಳೆಯುವವನು ಬೆಳೆಗಳ ಪಟ್ಟಿಯಲ್ಲಿ ಇಲ್ಲವೆಂದು ಕಡತ ಮುಚ್ಚಿದರು.

5. ಉಂಬಳವೂ ಪ್ರಾಣಿಯೇ ಆದ್ದರಿಂದ ಅರ್ಜಿದಾರನು ಬಸ್ಸು ಹತ್ತಿ ಸಾಗರಕ್ಕೆ ಹೋಗಿ, ಜಾನುವಾರು ಸಂಶೋಧನೆಯ ನಿಧಿ ನೋಡುವ ದುರ್ಗೇಶ್ ಎಂಬವರನ್ನು ಕಂಡನು.

"ನೀವು ಅದನ್ನ ಸಾಕಿದೀರಾ?"

ದೇವರಿಗೆ ಅಂಜುವವನಾದ್ದರಿಂದ ಸುಳ್ಳು ಹೇಳಲಿಲ್ಲ. "ಎರಡು ವರ್ಷದಿಂದ ಬಲಗಾಲಲ್ಲಿ ಸಾಕ್ತಾ ಇದೀನಿ."

"ಕಿವಿಗೆ ಬಿಲ್ಲೆ ಹಾಕಿಸಿದ್ರಾ?"

"ಕಿವಿ ಎಲ್ಲಿದೆ ಅಂತ ಹುಡುಕ್ತಾ ಇದೀನಿ ಸ್ವಾಮಿ."

ಸಿಕ್ಕಿದ ಮೇಲೆ ಬರಲು ತಿಳಿಸಲಾಯಿತು.

6. ತೀರ್ಥಹಳ್ಳಿಯಲ್ಲಿ ಮಾತ್ರ ಆದರ ದೊರೆಯಿತು. ಜೀವವೈವಿಧ್ಯ ನಿಧಿಯ ರಾಘವೇಂದ್ರ ಅವರು ಪಂಚೆ ಎತ್ತಿಸಿ ಬಲಗಾಲನ್ನು ನೋಡಿ, "ಇಷ್ಟು ಒಳ್ಳೆ ಆವಾಸಸ್ಥಾನ ನಾನು ನೋಡೇ ಇಲ್ಲ" ಎಂದು ಸಂತೋಷಪಟ್ಟರು. ಬಲಗಾಲಿಗೆ ತಕ್ಷಣ ಮಂಜೂರು. ಷರತ್ತು ಇಷ್ಟೇ, ಇನ್ನೂ ಐದು ವರ್ಷ ಅದು ಬರಿದಾಗಿಯೇ ಇರಬೇಕು. ಎಡಗಾಲಿನ ವಿಚಾರವನ್ನು ತಾವು ಕೇಳಿಲ್ಲವೆಂದು ತಿಳಿಯತಕ್ಕದ್ದು ಎಂದರು. ಅರ್ಜಿದಾರನು ಒಪ್ಪದೆ ಪಂಚೆ ಇಳಿಸಿಕೊಂಡು ಬಂದನು.

7. ಅರ್ಜಿದಾರನು ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ಪತ್ನಿ ಕೆರಿಯಮ್ಮ ಹೇಳಿದ್ದನ್ನು ಕಡತದ ಸಲುವಾಗಿ ಇದ್ದಂತೆಯೇ ಬರೆಯಲಾಗಿದೆ:

"ಎಂಥಾ ಮಾರಾಯ್ರೇ ನೀವು! ನಾನು ಎರಡು ವರ್ಷದಿಂದ ಎರಡೂ ಕಾಲಿಗೆ ಬಳ್ಕೊಂಡು ಹೋಗ್ತಾ ಇದೀನಿ. ಕೇರಿಯೋರೆಲ್ಲ ಬಳ್ಕೊಳ್ತಾರೆ. ಆ ಲಿಖಿತಾ ಮೇಡಂ ಆಫೀಸಿನ ಜವಾನ ಜಟ್ಟಿಂಗಪ್ಪನೂ ಎರಡು ಬಾಟ್ಲಿ ತಗೊಂಡು ಹೋದ. ಇಡೀ ಊರಲ್ಲಿ ಉಂಬಳಕ್ಕೆ ಊಟ ಅಂತ ಇರೋದು ನಿಮ್ಮ ಬಲಗಾಲು ಒಂದೇ!"

ವಿಚಾರಿಸಲಾಗಿ ಇದು ನಿಜವೆಂದು ಕಂಡುಬಂದಿದೆ.

8. ಹಾಗಿದ್ದರೆ ಸುಮ್ಮನೆ ಹಚ್ಚಿಕೊಳ್ಳಬಾರದೇ ಎಂದು ತಾವು ಕೇಳಬಹುದು. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟವರ ಕಥೆಯನ್ನು ಚಿಕ್ಕಂದಿನಿಂದ ಕೇಳಿ, ಕೇಳಿದಾಗಲೆಲ್ಲ ಕಣ್ಣೊರೆಸಿಕೊಂಡವನು ಒಂದು ಕಾಲಿಗಾಗಿ ಮಾತು ತಪ್ಪುವುದು ಹೇಗೆ? ಆದರೆ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕೊಡೆ ಹಿಡಿದಂತೆ ಅನಿಸುತ್ತಿದ್ದು, ಬೆಳಿಗ್ಗೆ ದೇವರಿಗೆ ಕೈ ಮುಗಿದ ಮೇಲೆ ಬಲಗಾಲಿಗೂ ಒಂದು ಮುಗಿದು ಕ್ಷಮೆ ಕೇಳುವುದು ರೂಢಿಯಾಗಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಮಳೆ ಹಿಡಿಯಲು ಹದಿನೈದು ದಿನವಷ್ಟೇ ಉಳಿದಿರುವ ಕಾರಣ, ತಾವು ದಯಮಾಡಿ ಯಾವುದಾದರೂ ಒಂದು ನಿಧಿಯ ಹೆಸರು ಹೇಳಬೇಕಾಗಿ ಕೋರಲಾಗಿದೆ. ಅದರಲ್ಲಿ ಹಣವಿರಲೇಬೇಕೆಂದಿಲ್ಲ. ಹೆಸರು ಗೊತ್ತಾದರೆ ಮುಚ್ಚಳಿಕೆ ಮುಗಿಯುತ್ತದೆ, ಅಷ್ಟು ಸಾಕು.

ಇಂತು, ಒಂದು ಕಾಲಲ್ಲಿ ನಿಂತು ಕಾಯುತ್ತಿರುವ
ತಮ್ಮ ವಿಶ್ವಾಸಿ,
ಸೀತಾರಾಮಪ್ಪ

ಲಗತ್ತುಗಳು:
1. ಮುಚ್ಚಳಿಕೆಯ ನಕಲು.
2. ಎರಡೂ ಕಾಲುಗಳ ಭಾವಚಿತ್ರ. (ಎಡಗಾಲಿನದು ದೃಢೀಕೃತ. ಬಲಗಾಲಿನದನ್ನು ನೋಡಿದ ಅಧಿಕಾರಿಗಳು ಚಹಾಕ್ಕೆ ಎದ್ದು ಹೋದರು.)
3. ಷಟ್ಪದಿ ಲೆಕ್ಕದ ವೇಳಾಪಟ್ಟಿ, ರಾಗ ಸಹಿತ.

ವಿಶೇಷ ಸೂಚನೆ: ನಿಧಿ ಗೊತ್ತುಪಡಿಸುವುದು ತಡವಾಗುವುದಾದಲ್ಲಿ, ಬಲಗಾಲು ಕಠಿಣ ಸ್ಥಳದಲ್ಲಿ ಎರಡು ವರ್ಷ ಸತತ ಸೇವೆ ಸಲ್ಲಿಸಿರುವುದನ್ನು ಪರಿಗಣಿಸಿ, ಈ ಸಾಲಿನ ಮಟ್ಟಿಗೆ ಎಡಗಾಲಿನೊಂದಿಗೆ ಅದಕ್ಕೆ ಪರಸ್ಪರ ವರ್ಗಾವಣೆ ಮಂಜೂರು ಮಾಡಬೇಕಾಗಿ ವಿನಂತಿ. ಎಡಗಾಲಿನ ಒಪ್ಪಿಗೆ ಪತ್ರವನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು.